ಚಲಚ್ಚಿತ್ರಗಳ ಪಾಠಾಂತರ: ಕಡೆಗಣಿಸಲ್ಪಟ್ಟ ಕೆಲವು ಮಹಾಕೃತಿಗಳ ಚರಿತ್ರೆ

ಪ್ರಾಚೀನ ಕನ್ನಡ ಗ್ರಂಥಗಳ ಚರಿತ್ರೆಯನ್ನು ಬಲ್ಲವರಿಗೆ, ಒಂದು ಕೃತಿಯು ಬಹುಕಾಲ ಕಣ್ಮರೆಯಾಗಿದ್ದು ಮತ್ತೆ ಬೆಳಕಿಗೆ ಬರುವುದು ಅಪರಿಚಿತವಾದ ಸಂಗತಿಯಲ್ಲ. ‘ವಡ್ಡಾರಾಧನೆ’ಯಂಥ ಹಿರಿಯ ಗದ್ಯಕೃತಿಯು ಓಲೆಗರಿಗಳಲ್ಲಿ ಶತಮಾನಗಳನ್ನು ಕಳೆದು, ಡಿ. ಎಲ್. ನರಸಿಂಹಾಚಾರ್ಯರ ಪರಿಶ್ರಮದ ಫಲವಾಗಿ 1949ರಲ್ಲಿ ಪರಿಷ್ಕೃತ ರೂಪದಲ್ಲಿ ಪ್ರಕಟವಾಯಿತು. ಓಲೆಗರಿಯನ್ನು ಗೆದ್ದಲು ತಿನ್ನಬಹುದು, ಲಿಪಿಕಾರನು ತಪ್ಪೆಸಗಬಹುದು; ಆದರೂ ಎರಡು ಮೂರು ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಕವಿಯ ಮೂಲಪಾಠಕ್ಕೆ ಸಮೀಪವಾದುದನ್ನು ನಿರ್ಣಯಿಸುವ ಶಾಸ್ತ್ರವೊಂದು ನಮ್ಮಲ್ಲಿ ಬೆಳೆದುಬಂದಿದೆ. ಇಪ್ಪತ್ತನೆಯ ಶತಮಾನದ ಕಲೆಯೆಂದು ಹೆಸರಾದ ಚಲಚ್ಚಿತ್ರಕ್ಕೂ ಇದೇ ಶಾಸ್ತ್ರದ ಅಗತ್ಯವಿದೆಯೆಂದರೆ ಕೆಲವರಿಗೆ ಅತಿಶಯೋಕ್ತಿಯೆನಿಸಬಹುದು. ನೂರು ವರ್ಷ ತುಂಬಿದ ಕಲೆಯಲ್ಲಿ ಪಾಠಾಂತರವೆಲ್ಲಿಂದ ಬಂದೀತು? ಆದರೆ ವಸ್ತುಸ್ಥಿತಿಯು ಹಾಗಿಲ್ಲ. ಓಲೆಗರಿಯು ಐನೂರು ವರ್ಷ ಬಾಳಬಲ್ಲುದು. 1950ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಐವತ್ತು ವರ್ಷ ಬಾಳಿದರೆ ಅದೇ ಪುಣ್ಯ. ಅದು ತಾನಾಗಿ ಕೊಳೆತು ಪುಡಿಯಾಗುತ್ತದೆ. ಕಿಡಿಯೊಂದು ತಗುಲಿದರೆ ನೀರಿನೊಳಗೂ ಉರಿಯುತ್ತದೆ. ಎರಡೂ ಆಗದಿದ್ದರೆ, ಅದರಲ್ಲಿರುವ ಬೆಳ್ಳಿಯ ಆಸೆಗೆ ಕರಗಿಸಿ ಮಾರುವವರಿದ್ದರು.

ಮಹಾನಿರ್ದೇಶಕರ ಕೃತಿಗಳಲ್ಲಿ ನೋಡಬೇಕಾದುವು ಯಾವುವೆಂದು ಕೇಳುವವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ಹತ್ತು ಹನ್ನೆರಡು ಹೆಸರುಗಳ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಜಯವನ್ನು ಪಡೆದವುಗಳೇ ಹೆಚ್ಚಾಗಿರುತ್ತವೆ. ಪ್ರಕಟವಾದಾಗ ತಿರಸ್ಕೃತವಾದುವು, ಕತ್ತರಿಗೆ ಸಿಕ್ಕಿದುವು, ಪೆಟ್ಟಿಗೆಯಿಂದಲೇ ಹೊರಬರದೆ ಉಳಿದುವು ಇವುಗಳ ಚರಿತ್ರೆಯನ್ನು ಅರಿಯದೆ ಆ ಕಲೆಯ ಬೆಲೆಯನ್ನು ಕಟ್ಟಲಾಗದು. ಅಂಥ ನಾಲ್ಕಾರು ಕೃತಿಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಅವುಗಳಲ್ಲಿ ಒಂದರ ಹಿಂದೆ ಮೈಸೂರಿನವರೊಬ್ಬರ ಕೈ ಇದ್ದಿತೆಂಬುದು ಹೊರನಾಡಿನ ಕನ್ನಡಿಗರಿಗೆ ಸಂತೋಷವನ್ನು ಕೊಡತಕ್ಕ ವಿಷಯ.

ಪಾಠಾಂತರದ ಪ್ರಶ್ನೆಯು ಅತ್ಯಂತ ತೀವ್ರವಾಗಿ ಕಾಣುವುದು ಡೆನ್ಮಾರ್ಕಿನ ಕಾರ್ಲ್ ಡ್ರಾಯರ್ ಫ್ರಾನ್ಸಿನಲ್ಲಿ ನಿರ್ಮಿಸಿದ ಜೋನ್ ಆಫ್ ಆರ್ಕಳ ಮೂಕಿಚಿತ್ರದಲ್ಲಿ. 1431ರಲ್ಲಿ ನಡೆದ ವಿಚಾರಣೆಯ ಲಿಖಿತ ದಾಖಲೆಗಳನ್ನೇ ಆಧಾರವಾಗಿಟ್ಟುಕೊಂಡು ರಚಿಸಿದ ಈ ಚಿತ್ರದಲ್ಲಿ ಯುದ್ಧವಿಲ್ಲ, ಕುದುರೆಗಳಿಲ್ಲ, ಪಟ್ಟಾಭಿಷೇಕವಿಲ್ಲ. ಇರುವುದು ಮುಖಗಳು ಮಾತ್ರ. ಪ್ರಶ್ನಿಸುವ ಧರ್ಮಾಧಿಕಾರಿಗಳ ಸುಕ್ಕುಗಟ್ಟಿದ ಮುಖಗಳು, ಅವುಗಳ ನಡುವೆ ಉತ್ತರಿಸುವ ಒಬ್ಬ ಹುಡುಗಿಯ ಮುಖ. ರಂಗಭೂಮಿಯ ನಟಿ ಫಾಲ್ಕೊನೆತ್ತಿಗೆ ಬಣ್ಣವನ್ನೇ ಹಚ್ಚದೆ, ಚರ್ಮದ ಒಂದೊಂದು ಗೆರೆಯೂ ಕಾಣುವಂತೆ ರುಡಾಲ್ಫ್ ಮಾಟೆ ಛಾಯಾಗ್ರಹಣ ಮಾಡಿದನು. ಅಪಾರ ವೆಚ್ಚದಿಂದ ಕಟ್ಟಿಸಿದ ಕೋಟೆಯ ರಂಗಸಜ್ಜು ಚಿತ್ರದಲ್ಲಿ ತುಂಡು ತುಂಡಾಗಿ ಮಾತ್ರ ಕಾಣುತ್ತದೆ. ಹಣ ಹೂಡಿದವರಿಗೆ ಇದರಿಂದ ಎಷ್ಟು ವ್ಯಥೆಯಾಗಿರಬೇಕೆಂಬುದನ್ನು ಊಹಿಸಬಹುದು. ಆದರೆ ಆ ಗೋಡೆಗಳು ನಿಜವಾಗಿ ಇದ್ದುದರಿಂದಲೇ ನಟರು ಸೆರೆಮನೆಯಲ್ಲಿರುವಂತೆ ನಡೆದುಕೊಂಡರೆಂಬುದೂ ಅಷ್ಟೇ ನಿಜ.

ಚಿತ್ರವು 1928ರ ಏಪ್ರಿಲಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಮೊದಲು ಪ್ರದರ್ಶಿತವಾಯಿತು. ಪ್ಯಾರಿಸ್ಸಿನಲ್ಲಿ ತೆರೆಕಾಣುವ ಮುನ್ನ ಚರ್ಚಿನ ಹಿರಿಯರೂ ಸರಕಾರದ ಪರಿಶೀಲಕರೂ ಕತ್ತರಿಯಾಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಲಿನ್ನಿನ ಲ್ಯಾಬೊರೇಟರಿಯಲ್ಲಿ ಬೆಂಕಿ ಬಿದ್ದು ಮೂಲ ನೆಗೆಟಿವ್ ಸುಟ್ಟುಹೋಯಿತು. ಡ್ರಾಯರ್ ಎದೆಗುಂದದೆ, ತಾನು ಬಳಸದೆ ಬಿಟ್ಟಿದ್ದ ಬೇರೆ ಟೇಕ್‌ಗಳನ್ನು ಆಯ್ದು, ಮೊದಲನೆಯದಕ್ಕೆ ಸಾಧ್ಯವಾದಷ್ಟು ಹತ್ತಿರವಾದ ಎರಡನೆಯ ಪಾಠವೊಂದನ್ನು ಜೋಡಿಸಿದನು. ಅದೂ ಬೆಂಕಿಗೆ ತುತ್ತಾಯಿತೆಂದೇ ಬಹುಕಾಲ ನಂಬಲಾಗಿತ್ತು. 1952ರ ಸುಮಾರಿಗೆ ಲೊ ದೂಕಾ ಎಂಬುವನು ಆ ಎರಡನೆಯ ಪಾಠದ ಒಂದು ಪ್ರತಿಯನ್ನು ಹುಡುಕಿ ತೆಗೆದು, ಅದಕ್ಕೆ ಪ್ರಾಚೀನ ಐರೋಪ್ಯ ಸಂಗೀತವನ್ನು ಅಂಟಿಸಿ ಹೊರತಂದನು. ಡ್ರಾಯರನಿಗೆ ಇದು ಸ್ವಲ್ಪವೂ ಸರಿಬೀಳಲಿಲ್ಲ. ಅನೇಕ ವರ್ಷ ಜಗತ್ತು ಮಹಾಕೃತಿಯೆಂದು ಕೊಂಡಾಡಿದ್ದು ಇಂಥ ಪಾಠಗಳನ್ನೇ. ತನ್ನ ಮೂಲಕೃತಿಯು ಶಾಶ್ವತವಾಗಿ ನಷ್ಟವಾಯಿತೆಂದು ನಂಬಿಯೇ ಡ್ರಾಯರ್ 1968ರಲ್ಲಿ ತೀರಿಕೊಂಡನು.

ಹದಿಮೂರು ವರ್ಷಗಳ ತರುವಾಯ, 1981ರಲ್ಲಿ, ನಾರ್ವೆಯ ಓಸ್ಲೊ ನಗರದ ಬಳಿಯ ಒಂದು ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ ಕೆಲವು ಫಿಲ್ಮ್ ಡಬ್ಬಿಗಳು ಸಿಕ್ಕಿದುವು. ತೆರೆದು ನೋಡಲಾಗಿ, ಕತ್ತರಿ ತಾಗದ ಮೊದಲ ಡ್ಯಾನಿಷ್ ಪ್ರತಿಯೇ ಅದರಲ್ಲಿತ್ತು. ಅದು ಅಲ್ಲಿಗೆ ಹೇಗೆ ಹೋಯಿತೆಂಬುದಕ್ಕೆ ಹಲವು ಊಹೆಗಳಿವೆ. ಮುಖ್ಯವಾದುದು ಅದು ಅಲ್ಲಿ ಉಳಿದಿತ್ತೆಂಬುದು. ವಿದ್ವಾಂಸರು ಎರಡು ಪಾಠಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿದಾಗ, ದೃಶ್ಯಗಳ ಕ್ರಮವು ಬಹುಮಟ್ಟಿಗೆ ಒಂದೇ ಆಗಿದ್ದರೂ ಮುಖಭಾವದ ಸೂಕ್ಷ್ಮತೆಯಲ್ಲಿ ಮೊದಲನೆಯದೇ ಮೇಲೆಂಬುದು ಸ್ಪಷ್ಟವಾಯಿತು. ಆದುದರಿಂದ ಈ ಚಿತ್ರವನ್ನು ನೋಡಬಯಸುವವರು ಓಸ್ಲೊ ಪ್ರತಿಯಿಂದ ತಯಾರಾದುದನ್ನೇ ಆರಿಸಿಕೊಳ್ಳತಕ್ಕದ್ದು. ಸಂಗೀತವಿಲ್ಲದೆ, ಮೌನದಲ್ಲಿಯೇ ಒಮ್ಮೆ ನೋಡುವುದೂ ಮೇಲು. ಮೂಕಿಚಿತ್ರಕ್ಕೆ ಮಾತು ಬೇಡವೆಂಬುದು ಇದರಲ್ಲಿ ಮನದಟ್ಟಾಗುವಷ್ಟು ಬೇರೆಡೆ ಆಗಲಾರದು.

ಜ್ಯಾಂ ರೆನ್ವಾನ ‘ಆಟದ ನಿಯಮ’ ಎಂಬ ಫ್ರೆಂಚ್ ಚಿತ್ರದ ಕಥೆ ಬೇರೊಂದು ರೀತಿಯದು. ಇಲ್ಲಿ ಬೆಂಕಿಗಿಂತ ಮೊದಲು ಬಂದುದು ಪ್ರೇಕ್ಷಕರ ಕೋಪ. ಪ್ರಸಿದ್ಧ ಚಿತ್ರಕಾರ ಒಗುಸ್ತ್ ರೆನ್ವಾನ ಮಗನಾದ ಈತನು, ‘ಮಹಾಭ್ರಮೆ’ ಎಂಬ ಯುದ್ಧವಿರೋಧಿ ಚಿತ್ರದಿಂದ ಕೀರ್ತಿಯ ಶಿಖರವನ್ನು ಮುಟ್ಟಿದ್ದ ಕಾಲವದು. 1939ರ ಜುಲೈ ತಿಂಗಳಲ್ಲಿ, ಎರಡನೆಯ ಮಹಾಯುದ್ಧವು ಇನ್ನೆರಡು ತಿಂಗಳಲ್ಲಿ ಸ್ಫೋಟಿಸಲಿದ್ದಾಗ, ಪ್ಯಾರಿಸ್ಸಿನ ಪ್ರೇಕ್ಷಕರು ತೆರೆಯ ಮೇಲೆ ಕಂಡದ್ದು ಹಳ್ಳಿಯ ಬಂಗಲೆಯೊಂದರಲ್ಲಿ ಬೇಟೆಗೂ ಪ್ರಣಯಕ್ಕೂ ನೆರೆದ ಸಿರಿವಂತರನ್ನು, ಅವರಂತೆಯೇ ನಡೆದುಕೊಳ್ಳುವ ಅವರ ಸೇವಕರನ್ನು. ಯಾರೊಬ್ಬರೂ ಕೆಟ್ಟವರಲ್ಲ, ಯಾರೊಬ್ಬರೂ ಪ್ರಾಮಾಣಿಕರೂ ಅಲ್ಲ. ತಮ್ಮ ಸಮಾಜದ ಬಣ್ಣಗೇಡನ್ನು ನಗುನಗುತ್ತ ತೋರಿಸಿದ ಈ ಚಿತ್ರವನ್ನು ಅವರು ಕೂಗಾಡಿ ತಿರಸ್ಕರಿಸಿದರು. ರೆನ್ವಾ ಭಯದಿಂದ ಕತ್ತರಿಸಿದನು, ಮತ್ತೂ ಕತ್ತರಿಸಿದನು, ಕತ್ತರಿಸಿದಷ್ಟೂ ಅರ್ಥವು ಕೆಟ್ಟಿತೇ ಹೊರತು ಕೋಪವು ಇಳಿಯಲಿಲ್ಲ. ಯುದ್ಧ ಆರಂಭವಾದೊಡನೆ ಜನರ ಧೈರ್ಯವನ್ನು ಕುಂದಿಸುವುದೆಂಬ ಕಾರಣದಿಂದ ಸರಕಾರವು ಅದನ್ನು ನಿಷೇಧಿಸಿತು. ಮುಂದೆ ಮಿತ್ರರಾಷ್ಟ್ರಗಳ ಬಾಂಬು ಬಿದ್ದು ಮೂಲ ನೆಗೆಟಿವ್ ನಾಶವಾಯಿತು.

ಯುದ್ಧಾನಂತರ ಇಬ್ಬರು ಚಿತ್ರಾಸಕ್ತರು, ಗಾಬೊರಿ ಮತ್ತು ದ್ಯುರಾಂ, ಚದುರಿಹೋಗಿದ್ದ ಪ್ರತಿಗಳನ್ನೂ ಚಿಂದಿಗಳನ್ನೂ ಕೂಡಿಸಿ, ರೆನ್ವಾನ ಸಲಹೆಯೊಡನೆ 106 ನಿಮಿಷಗಳ ಪಾಠವೊಂದನ್ನು ಸಿದ್ಧಪಡಿಸಿದರು. 1959ರಲ್ಲಿ ವೆನಿಸ್ ಉತ್ಸವದಲ್ಲಿ ಅದು ಪ್ರದರ್ಶಿತವಾದಾಗ, ಇಪ್ಪತ್ತು ವರ್ಷಗಳ ಹಿಂದೆ ಬೈಗುಳವನ್ನುಂಡ ಚಿತ್ರಕ್ಕೆ ಜಗತ್ತಿನ ಶ್ರೇಷ್ಠ ಚಿತ್ರಗಳ ಪಂಕ್ತಿಯಲ್ಲಿ ಸ್ಥಾನ ದೊರೆಯಿತು. ಬೇಟೆಯ ದೃಶ್ಯವೊಂದನ್ನೇ ನೋಡಿದರೂ ಸಾಕು. ಮೊಲವೊಂದು ಗುಂಡೇಟು ತಿಂದು, ಕಾಲುಗಳನ್ನು ಮಡಿಸಿಕೊಂಡು ಸಾಯುವ ಆ ಕ್ಷಣವು ಮುಂಬರುವ ಮಹಾಯುದ್ಧದ ಕುರಿತು ಯಾವ ಭಾಷಣಕ್ಕಿಂತಲೂ ಹೆಚ್ಚನ್ನು ಹೇಳುತ್ತದೆ.

ರೆನ್ವಾನಿಗೂ ಭಾರತಕ್ಕೂ ಒಂದು ನಿಜವಾದ ನಂಟಿದೆ. ‘ದಿ ರಿವರ್’ ಎಂಬ ವರ್ಣಚಿತ್ರವನ್ನು ತೆಗೆಯಲು ಆತನು 1949ರಲ್ಲಿ ಕಲಕತ್ತೆಗೆ ಬಂದನು. ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದ, ಎರಡು ವರ್ಷಗಳ ಹಿಂದೆ ಗೆಳೆಯರೊಡಗೂಡಿ ಕಲಕತ್ತಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದ್ದ ಸತ್ಯಜಿತ್ ರಾಯ್ ಅವರು ಆತನೊಡನೆ ಊರೂರು ತಿರುಗಿ ಸ್ಥಳಗಳನ್ನು ತೋರಿಸಿದರು. ಆ ತಂಡದಲ್ಲಿ ಕ್ಯಾಮರಾ ಕೆಲಸಮಾಡಿದ ಬಂಗಾಳಿ ಛಾಯಾಗ್ರಾಹಕರೊಬ್ಬರ ಹೆಸರು ರಾಮಾನಂದ ಸೇನ್‌ಗುಪ್ತ. ಈ ಹೆಸರನ್ನು ನೆನಪಿನಲ್ಲಿಡಬೇಕು. ಏಕೆಂದರೆ ಕೆಲವೇ ಕಾಲದಲ್ಲಿ ಅವರು ಛಾಯಾಗ್ರಹಣ ಮಾಡಿದ ಒಂದು ಬಂಗಾಳಿ ಚಿತ್ರವು, ತೆರೆಕಾಣಲು ಇಪ್ಪತ್ತೈದು ವರ್ಷ ಕಾಯಬೇಕಾಯಿತು.

ಆ ಚಿತ್ರವೇ ಋತ್ವಿಕ್ ಘಟಕ್ ಅವರ ‘ನಾಗರಿಕ್’. ಢಾಕಾದಲ್ಲಿ 1925ರಲ್ಲಿ ಹುಟ್ಟಿ, ದೇಶವಿಭಜನೆಯ ಗಾಯವನ್ನು ಬಾಳಿನುದ್ದಕ್ಕೂ ಹೊತ್ತ ಘಟಕರು, ಜನನಾಟ್ಯ ಚಳವಳಿಯಿಂದ ಚಲಚ್ಚಿತ್ರಕ್ಕೆ ಬಂದವರು. ಕೆಲಸವನ್ನು ಅರಸುತ್ತ ಕಲಕತ್ತೆಯ ಬೀದಿಗಳಲ್ಲಿ ಅಲೆಯುವ ರಾಮು ಎಂಬ ತರುಣ, ಮನೆಯಿಂದ ಮನೆಗೆ ಕೆಳಗಿಳಿಯುತ್ತ ಕೊನೆಗೆ ಕೊಳೆಗೇರಿಯನ್ನು ಸೇರುವ ಅವನ ಕುಟುಂಬ: ಇಷ್ಟೇ ಕಥೆ. 1952ರ ಹೊತ್ತಿಗೆ ಚಿತ್ರ ಸಿದ್ಧವಾಗಿದ್ದರೂ ಹಂಚಿಕೆದಾರರು ದೊರೆಯಲಿಲ್ಲ. 1955ರಲ್ಲಿ ‘ಪಥೇರ್ ಪಾಂಚಾಲಿ’ಯು ಭಾರತೀಯ ಚಿತ್ರಕಲೆಯ ಹೊಸ ಯುಗವನ್ನು ತೆರೆಯಿತೆಂದು ಎಲ್ಲರೂ ಬರೆಯುತ್ತಾರೆ, ಬರೆಯುವುದು ನ್ಯಾಯವೂ ಹೌದು. ಆದರೆ ಮೂರು ವರ್ಷ ಮೊದಲೇ ಸಿದ್ಧವಾಗಿ ಡಬ್ಬಿಯಲ್ಲಿ ಬಿದ್ದಿದ್ದ ಮತ್ತೊಂದು ಚಿತ್ರವನ್ನು ಚರಿತ್ರಕಾರನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆ ಖಾತೆಯು ಸರಿಹೊಂದುವುದಿಲ್ಲ. ‘ನಾಗರಿಕ್’ ಬಿಡುಗಡೆಯಾದದ್ದು 1977ರ ಸೆಪ್ಟೆಂಬರಿನಲ್ಲಿ. ಘಟಕರು 1976ರ ಫೆಬ್ರುವರಿಯಲ್ಲಿಯೇ ತೀರಿಕೊಂಡಿದ್ದರು. ಕೃತಿಯ ದೃಷ್ಟಿಯಿಂದ ಹೇಳುವುದಾದರೆ, ಇದರಲ್ಲಿ ನಾಟಕದ ಛಾಯೆ ಹೆಚ್ಚು, ಮಾತು ಅಗತ್ಯಕ್ಕಿಂತ ಉದ್ದ. ಆದರೂ ಕೋಣೆಯ ಕಿಟಕಿಯಿಂದ ಕೇಳಿಬರುವ ಪಿಟೀಲಿನ ನಾದದಲ್ಲಿ ಮುಂದಿನ ಘಟಕರೆಲ್ಲರೂ ಇದ್ದಾರೆ.

ಘಟಕರ ಕೃತಿಗಳಲ್ಲಿ ಮೊದಲು ನೋಡತಕ್ಕದ್ದು 1958ರ ‘ಅಜಾಂತ್ರಿಕ್’. ಸುಬೋಧ್ ಘೋಷರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಬಿಮಲ್ ಎಂಬ ಒಂಟಿಜೀವಿ ಚಾಲಕನಿಗೂ, ಜಗದ್ದಲ್ ಎಂದು ಅವನು ಹೆಸರಿಟ್ಟ ಓಬೀರಾಯನ ಕಾಲದ ಷೆವರ್ಲೆ ಕಾರಿಗೂ ನಡುವಣ ಪ್ರೇಮವೇ ವಸ್ತು. ಕಾರು ಇಲ್ಲಿ ಮುನಿಯುತ್ತದೆ, ಬಾಯಾರುತ್ತದೆ, ಅಸೂಯೆಪಡುತ್ತದೆ. ಇದೆಲ್ಲವನ್ನೂ ನಿರ್ದೇಶಕರು ಶಬ್ದದಿಂದಲೇ ಸಾಧಿಸಿದ್ದಾರೆ. ಛೋಟಾನಾಗಪುರದ ಗುಡ್ಡಗಾಡು, ಓರಾಂವ್ ಜನರ ಕುಣಿತ, ಅಲಿ ಅಕ್ಬರ್ ಖಾನರ ಸಂಗೀತ ಇವುಗಳ ನಡುವೆ ಯಂತ್ರವೊಂದು ಮನುಷ್ಯನಾಗುತ್ತದೆ. ಕಾರು ಗುಜರಿಗೆ ಹೋದ ಮೇಲೆ, ಉಳಿದ ಹಾರ್ನನ್ನು ಮಗುವೊಂದು ಒತ್ತಿ ನಗುವ ಕೊನೆಯ ದೃಶ್ಯವನ್ನು ಕಂಡವರು ಮರೆಯಲಾರರು. ಮರುವರ್ಷ ವೆನಿಸ್ಸಿನಲ್ಲಿ, ಸ್ಪರ್ಧೆಯ ಹೊರಗೆ, ಇದು ಪ್ರದರ್ಶಿತವಾಯಿತು. ರೆನ್ವಾನ ಪುನರುದ್ಧರಿತ ಚಿತ್ರವು ಕಾಣಿಸಿಕೊಂಡ ಉತ್ಸವವೂ ಅದೇ! ಸ್ವದೇಶದಲ್ಲಿ ಮಾತ್ರ ‘ಅಜಾಂತ್ರಿಕ್’ ಸೋತಿತು. ಅದೇ 1958ರಲ್ಲಿ ಬಿಮಲ್ ರಾಯ್ ಅವರ ‘ಮಧುಮತಿ’ ದೇಶಾದ್ಯಂತ ಜಯಭೇರಿ ಹೊಡೆಯಿತು. ಅದರ ಕಥೆಯನ್ನು ಬರೆದುಕೊಟ್ಟವರು ಇದೇ ಘಟಕರು. ಒಬ್ಬ ಮನುಷ್ಯನ ಒಂದೇ ವರ್ಷದ ಎರಡು ಕೃತಿಗಳಿಗೆ ಮಾರುಕಟ್ಟೆಯು ಕಟ್ಟಿದ ಬೆಲೆಗಳಿಗೆ ಇದಕ್ಕಿಂತ ವಿಚಿತ್ರವಾದ ಉದಾಹರಣೆ ದೊರೆಯಲಾರದು.

‘ಮೇಘೇ ಢಾಕಾ ತಾರಾ’ (1960), ‘ಕೋಮಲ್ ಗಾಂಧಾರ್’ (1961), ‘ಸುವರ್ಣರೇಖಾ’ ಈ ಮೂರೂ ನಿರಾಶ್ರಿತರ ಬಾಳನ್ನು ಕುರಿತವು. ಮೊದಲನೆಯದಕ್ಕೆ ಪ್ರೇಕ್ಷಕರ ಆದರ ದೊರೆಯಿತು, ಎರಡನೆಯದು ಬಿದ್ದಿತು, 1962ರಲ್ಲಿ ಮುಗಿದ ಮೂರನೆಯದು ತೆರೆಗೆ ಬಂದದ್ದು 1965ರಲ್ಲಿ. ಕಡೆಗಣಿಸಲ್ಪಟ್ಟುದು ಮೂರನೆಯದಾದರೂ ಶ್ರೇಷ್ಠವಾದುದು ಅದೇ ಎಂಬ ವಾದಕ್ಕೆ ಸಾಕಷ್ಟು ಆಧಾರವಿದೆ. ಅದರಲ್ಲಿ ಸಂಭವನೀಯತೆಯ ಮಿತಿಯನ್ನು ದಾಟುವ ಕಾಕತಾಳೀಯಗಳಿವೆಯೆಂದು ವಿಮರ್ಶಕರು ಆಕ್ಷೇಪಿಸಿದ್ದುಂಟು. ಕುಡಿದು ವೇಶ್ಯಾಗೃಹಕ್ಕೆ ಹೋದ ಅಣ್ಣನು ಅಲ್ಲಿ ತನ್ನ ತಂಗಿಯನ್ನೇ ಕಾಣುವುದು ಯಾವ ನ್ಯಾಯ? ಆದರೆ ನಮ್ಮ ಪುರಾಣೇತಿಹಾಸಗಳನ್ನೋದಿದವರಿಗೆ ಇಂಥ ವಿಧಿವಿಲಾಸವು ಹೊಸದಲ್ಲ; ತಂಗಿಗೆ ಸೀತೆಯೆಂದು ಹೆಸರಿಟ್ಟ ನಿರ್ದೇಶಕರು ವಾಸ್ತವ ಕಥೆಯನ್ನಲ್ಲ, ಪುರಾಣವನ್ನು ಬರೆಯುತ್ತಿದ್ದರು. ಪಾಳುಬಿದ್ದ ವಿಮಾನನಿಲ್ದಾಣದಲ್ಲಿ ಆಡುವ ಮಕ್ಕಳ ದೃಶ್ಯವನ್ನು ನೋಡಿದವರಿಗೆ ಈ ಮಾತು ತಾನಾಗಿ ಹೊಳೆಯುತ್ತದೆ.

ಸತ್ಯಜಿತ್ ರಾಯ್ ಅವರನ್ನು ಕಡೆಗಣಿಸಲ್ಪಟ್ಟವರೆಂದು ಯಾರೂ ಹೇಳಲಾರರು. ಆದರೂ 1962ರ ‘ಕಾಂಚನ್‌ಜಂಘಾ’ವನ್ನು ನೋಡಿದವರು ಎಷ್ಟು ಮಂದಿ? ಅದು ಅವರ ಮೊದಲ ವರ್ಣಚಿತ್ರ. ಯಾವ ಕಾದಂಬರಿಯನ್ನೂ ಆಶ್ರಯಿಸದೆ ಅವರೇ ರಚಿಸಿದ ಕಥೆ. ಡಾರ್ಜಿಲಿಂಗಿನ ಒಂದು ಅಪರಾಹ್ಣದಲ್ಲಿ, ಕುಟುಂಬವೊಂದರ ಸದಸ್ಯರು ಅಡ್ಡಾಡುತ್ತ ಮಾತನಾಡುತ್ತಾರೆ. ಕಥೆಯ ಅವಧಿಯೂ ಚಿತ್ರದ ಅವಧಿಯೂ ಹೆಚ್ಚುಕಡಿಮೆ ಒಂದೇ. ಮಂಜು ಕವಿಯುತ್ತದೆ, ಮಂಜು ಸರಿಯುತ್ತದೆ. ಪ್ರೇಕ್ಷಕರಿಗೆ ಇದು ರುಚಿಸಲಿಲ್ಲ. ಜಪಾನಿನ ಓಜು ಅವರ ‘ಟೋಕಿಯೋ ಕಥೆ’ (1953) ಕೂಡ ಇದೇ ಬಗೆಯ ಮೆಲುದನಿಯದು. ಮಕ್ಕಳನ್ನು ನೋಡಲು ಪಟ್ಟಣಕ್ಕೆ ಬಂದ ಮುದಿ ತಂದೆತಾಯಿಗಳು ಅಲ್ಲಿ ಹೊರೆಯಾಗುವ ಕಥೆಯು, ವಿದೇಶೀಯರಿಗೆ ಅರ್ಥವಾಗದಷ್ಟು ಜಪಾನೀಯವೆಂಬ ಭಾವನೆಯಿಂದ ಹಲವು ವರ್ಷ ಹೊರದೇಶಗಳನ್ನು ಕಾಣಲಿಲ್ಲ. ಊರಿನಿಂದ ಬಂದ ತಂದೆತಾಯಿಗಳನ್ನು ಒಂದು ಕೋಣೆಯ ಬಿಡಾರದಲ್ಲಿ ಇಳಿಸಿಕೊಂಡ ಅನುಭವವುಳ್ಳ ಮುಂಬಯಿಯ ಕನ್ನಡಿಗನಿಗೆ ಅದನ್ನು ಯಾರೂ ವಿವರಿಸಬೇಕಾದುದಿಲ್ಲ.

ಇನ್ನು ಗುರುದತ್ತರ ‘ಕಾಗಜ್ ಕೆ ಫೂಲ್’. ಘಟಕರು ಹುಟ್ಟಿದ 1925ರಲ್ಲಿಯೇ, ಜುಲೈ 9ರಂದು, ಬೆಂಗಳೂರಿನಲ್ಲಿ ಹುಟ್ಟಿದ ವಸಂತಕುಮಾರ ಶಿವಶಂಕರ ಪಡುಕೋಣೆಯೇ ಮುಂದೆ ಗುರುದತ್ ಎಂದು ಪ್ರಸಿದ್ಧರಾದುದು. ಮನೆಮಾತು ಕೊಂಕಣಿ, ತಾಯಿ ವಾಸಂತಿ ಪಡುಕೋಣೆಯವರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ಅನುವಾದಿಸಿದವರು. ಬಾಲ್ಯವು ಕಲಕತ್ತೆಯಲ್ಲಿ, ನೃತ್ಯಶಿಕ್ಷಣವು ಅಲ್ಮೋರದ ಉದಯಶಂಕರರ ಕೇಂದ್ರದಲ್ಲಿ, ಚಲಚ್ಚಿತ್ರದ ಓನಾಮವು ಪುಣೆಯ ಪ್ರಭಾತ್ ಸಂಸ್ಥೆಯಲ್ಲಿ, ಬಾಳಿನ ಉಳಿದ ಭಾಗವು ಮುಂಬಯಿಯಲ್ಲಿ. ಹೊರನಾಡ ಬದುಕಿಗೆ ಇದಕ್ಕಿಂತ ಪೂರ್ಣವಾದ ಮಾದರಿ ಬೇಕಿಲ್ಲ.

ಅವರ ಚಿತ್ರಗಳ ಬೆಳಕನ್ನು ರೂಪಿಸಿದವರು ವಿ. ಕೆ. ಮೂರ್ತಿ. ಮೈಸೂರಿನಲ್ಲಿ 1923ರಲ್ಲಿ ಜನಿಸಿದ ಮೂರ್ತಿಯವರು ಪಿಟೀಲುವಾದನವನ್ನು ಕಲಿತವರು. ಸ್ವಾತಂತ್ರ್ಯದ ಚಳವಳಿಯಲ್ಲಿ ಸೆರೆಮನೆಯನ್ನು ಕಂಡವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸಮಾಡಿದ ಮೊದಲಿಗರಲ್ಲೊಬ್ಬರು. 1951ರ ‘ಬಾಜಿ’ ಚಿತ್ರದಲ್ಲಿ ಅವರು ಸಹಾಯಕರಷ್ಟೇ. ಕ್ಲಿಷ್ಟವಾದ ಒಂದು ಶಾಟನ್ನು ಹೀಗೆ ತೆಗೆಯಬಹುದೆಂದು ಸೂಚಿಸಿ, ಅದನ್ನು ತಾವೇ ತೆಗೆದು ತೋರಿಸಿದರು. ಅದನ್ನು ಕಂಡ ಗುರುದತ್ತರು ಮುಂದಿನ ಚಿತ್ರವನ್ನು ಅವರಿಗೇ ವಹಿಸಿದರು. 1952ರ ‘ಜಾಲ್’ನಿಂದ ಮೊದಲಾದ ಆ ಸಹಯೋಗವು ‘ಪ್ಯಾಸಾ’ (1957) ಮುಂತಾದುವನ್ನು ದಾಟಿ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ವರೆಗೆ ನಡೆಯಿತು.

‘ಪ್ಯಾಸಾ’ದ ಜಯದಿಂದ ದೊರೆತ ಧೈರ್ಯದಲ್ಲಿ ಗುರುದತ್ತರು 1959ರಲ್ಲಿ ‘ಕಾಗಜ್ ಕೆ ಫೂಲ್’ ಚಿತ್ರವನ್ನು ತೆಗೆದರು. ಭಾರತದ ಮೊದಲ ಸಿನಿಮಾಸ್ಕೋಪ್ ಕಥಾಚಿತ್ರವಿದು. ಸಾಧಾರಣ ತೆರೆಯ ಅಗಲವು ಎತ್ತರದ ಒಂದೂ ಕಾಲಿನಿಂದ ಒಂದೂವರೆಯಷ್ಟಿದ್ದರೆ, ಇದರಲ್ಲಿ ಅಗಲವು ಎತ್ತರದ ಎರಡೂ ಕಾಲಿಗಿಂತಲೂ ಮಿಗಿಲು. ಅಷ್ಟು ವಿಶಾಲವಾದ ಚೌಕಟ್ಟನ್ನು ಜನಜಂಗುಳಿಗೂ ಯುದ್ಧಕ್ಕೂ ಬಳಸುವುದು ಹಾಲಿವುಡ್ಡಿನ ವಾಡಿಕೆ. ಗುರುದತ್ ಮತ್ತು ಮೂರ್ತಿ ಅದನ್ನು ಬರಿದಾದ ಜಾಗವನ್ನು ತೋರಿಸಲು ಬಳಸಿದರು. ಸುರೇಶ್ ಸಿನ್ಹಾ ಎಂಬ ಪ್ರಸಿದ್ಧ ನಿರ್ದೇಶಕ, ಬೇರೆಯಾದ ಹೆಂಡತಿ, ಅವನಿಂದ ದೂರವಿಟ್ಟ ಮಗಳು, ಅವನು ಕಂಡುಹಿಡಿದು ಬೆಳೆಸಿದ ನಟಿ ಶಾಂತಿ. ಕೀರ್ತಿಯು ಕರಗಿ, ಮುದುಕನಾಗಿ, ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿಯಲ್ಲಿ ಅವನ ಮರಣ. ತೆರೆಯ ಒಂದು ಅಂಚಿನಲ್ಲಿ ಅವನು, ಇನ್ನೊಂದು ಅಂಚಿನಲ್ಲಿ ವಹೀದಾ ರೆಹಮಾನ್, ನಡುವೆ ಕತ್ತಲೆ.

ಆ ಕತ್ತಲೆಯನ್ನು ಸೀಳಿ ಬರುವ ಬೆಳಕಿನ ಕಂಬವು ಭಾರತೀಯ ಛಾಯಾಗ್ರಹಣದ ಚರಿತ್ರೆಯಲ್ಲಿ ಒಂದು ಗುರುತುಕಲ್ಲು. ಗೀತಾ ದತ್ ಅವರು ಹಾಡಿದ, ಕೈಫಿ ಆಜ್ಮಿಯವರು ಬರೆದ ಹಾಡಿನ ದೃಶ್ಯವದು. ಸ್ಟುಡಿಯೋದೊಳಗೆ ಸೂರ್ಯನ ಕಿರಣವು ನೇರವಾಗಿ ಇಳಿಯಬೇಕೆಂಬುದು ಅಪೇಕ್ಷೆ. ವಿದ್ಯುದ್ದೀಪವನ್ನು ಬಳಸಿದರೆ ಕಿರಣವು ದೀಪದಿಂದ ದೂರಹೋದಂತೆ ಹರಡಿಕೊಳ್ಳುತ್ತದೆ. ಸೂರ್ಯನದಾದರೋ ಸಮಾನಾಂತರವಾಗಿ ಬರುತ್ತದೆ. ಕನ್ನಡಿಯೊಂದರಿಂದ ಪ್ರತಿಫಲಿಸಿದ ಬಿಸಿಲನ್ನು ಗಮನಿಸಿದ ಮೂರ್ತಿಯವರು, ಎರಡು ದೊಡ್ಡ ಕನ್ನಡಿಗಳನ್ನು ತರಿಸಿ, ಒಂದನ್ನು ಹೊರಗೆ ಬಿಸಿಲಿನಲ್ಲಿಯೂ ಇನ್ನೊಂದನ್ನು ಸ್ಟುಡಿಯೋದ ಮೇಲುಭಾಗದಲ್ಲಿಯೂ ಇಟ್ಟು, ಹೊರಗಿನ ಸೂರ್ಯನನ್ನು ಒಳಕ್ಕೆ ಕರೆತಂದರು. ಹೊಗೆಯಾಡಿಸಿದೊಡನೆ ಕಿರಣವು ಕಂಬದಂತೆ ನಿಂತಿತು. ಸೂರ್ಯನು ನಿಲ್ಲುವವನಲ್ಲ, ಅವನು ಸರಿದಂತೆ ಕನ್ನಡಿಯೂ ತಿರುಗಬೇಕು. ಯಾವ ವಿಶೇಷ ಯಂತ್ರವೂ ಇಲ್ಲದೆ, ಎರಡು ಕನ್ನಡಿ ಮತ್ತು ಸ್ವಲ್ಪ ಹೊಗೆಯಿಂದ ಸಾಧಿಸಿದ ಈ ಪರಿಣಾಮವನ್ನು ಇಂದಿಗೂ ಪಾಠವಾಗಿ ಕಲಿಸುತ್ತಾರೆ.

ಚಿತ್ರವು ಸಂಪೂರ್ಣವಾಗಿ ಸೋತಿತು. ಛಾಯಾಗ್ರಹಣಕ್ಕೂ, ಎಂ. ಆರ್. ಆಚರೇಕರರ ಕಲಾನಿರ್ದೇಶನಕ್ಕೂ ಫಿಲ್ಮ್‌ಫೇರ್ ಪ್ರಶಸ್ತಿಗಳು ಬಂದುವು, ಹಣ ಬರಲಿಲ್ಲ. ದೋಷವೆಲ್ಲವೂ ಪ್ರೇಕ್ಷಕರದೆನ್ನುವುದು ಪಕ್ಷಪಾತವಾದೀತು. ಹೆಂಡತಿಯ ತವರಿನವರ ಹಾಸ್ಯದ ದೃಶ್ಯಗಳು ಕಥೆಗೆ ಅಂಟಿಕೊಳ್ಳುವುದಿಲ್ಲ. ಜಾನಿ ವಾಕರ್ ಅವರ ಭಾಗವನ್ನು ವಿತರಕರ ಸಮಾಧಾನಕ್ಕಾಗಿ ಸೇರಿಸಿದಂತಿದೆ. ನಾಯಕನು ತನ್ನ ಪತನವನ್ನು ಪ್ರತಿಭಟಿಸುವುದೇ ಇಲ್ಲ. ಆದರೆ ಈ ಕುಂದುಗಳಿಗಾಗಿ ಕೃತಿಯನ್ನೇ ಕೈಬಿಟ್ಟ 1959ರ ತೀರ್ಪು ಸರಿಯಾದುದಲ್ಲ. ಇದರ ತರುವಾಯ ಗುರುದತ್ತರು ನಿರ್ದೇಶಕರೆಂದು ಯಾವ ಚಿತ್ರಕ್ಕೂ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ‘ಚೌದವೀ ಕಾ ಚಾಂದ್’ ಎಂಬ ಜನಪ್ರಿಯ ಚಿತ್ರದಿಂದ ಸಾಲವು ತೀರಿತು; ನಿರ್ದೇಶಕನು ತೀರಿಹೋಗಿದ್ದನು. 1964ರ ಅಕ್ಟೋಬರ್ 10ರಂದು ಅವರು ನಿಧನರಾದಾಗ ವಯಸ್ಸು 39. ಐರೋಪ್ಯ ನಗರಗಳಲ್ಲಿ 1980ರ ದಶಕದಲ್ಲಿ ಅವರ ಚಿತ್ರಗಳು ಹೊಸದಾಗಿ ಪ್ರದರ್ಶಿತವಾದ ಮೇಲೆಯೇ ‘ಕಾಗಜ್ ಕೆ ಫೂಲ್’ನ ಮರುಮೌಲ್ಯಮಾಪನವು ಬಲಗೊಂಡಿತು. ಇದನ್ನು ನೋಡುವವರು ಅಂಚುಗಳನ್ನು ಕತ್ತರಿಸಿದ ಪ್ರತಿಯನ್ನು ನೋಡಬಾರದು. ದೂರದರ್ಶನದ ಚೌಕಕ್ಕಾಗಿ ಎರಡು ಬದಿಯನ್ನೂ ಕೊಯ್ದ ಪ್ರತಿಯಲ್ಲಿ, ಯಾವುದಕ್ಕಾಗಿ ಚಿತ್ರವು ಹುಟ್ಟಿತೋ ಅದೇ ಇರುವುದಿಲ್ಲ.

ಮೂರ್ತಿಯವರು ಮುಂದೆಯೂ ದೀರ್ಘಕಾಲ ದುಡಿದರು. ಗೋವಿಂದ ನಿಹಲಾನಿಯವರು ಅವರ ಶಿಷ್ಯರು. ಬೆಂಗಳೂರಿನ ಅದೇ ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು. ಶಿಷ್ಯರ ‘ತಮಸ್’ (1988) ಚಿತ್ರಕ್ಕೆ ಗುರುಗಳೇ ಕ್ಯಾಮರಾ ಹಿಡಿದರು. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ ‘ಹೂವು ಹಣ್ಣು’ (1993) ಅವರು ಕನ್ನಡಕ್ಕೆ ಕೊಟ್ಟ ಕಾಣಿಕೆ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಅವರಿಗೆ ಸಂದಿತು; ಛಾಯಾಗ್ರಾಹಕರೊಬ್ಬರಿಗೆ ಅದು ಸಂದುದು ಅದೇ ಮೊದಲು. 2014ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡರು.

ಇಲ್ಲಿ ಹೆಸರಿಸಿದವುಗಳಿಗೆ ಒಂದಲ್ಲ ಒಂದು ಪ್ರತಿ ಉಳಿದಿತ್ತು. ಆದುದರಿಂದಲೇ ಮರುವಿಚಾರಣೆ ಸಾಧ್ಯವಾಯಿತು. ಭಾರತದಲ್ಲಿ ತಯಾರಾದ 1300ಕ್ಕೂ ಮಿಕ್ಕ ಮೂಕಿಚಿತ್ರಗಳಲ್ಲಿ ಉಳಿದಿರುವುವು ಬೆರಳೆಣಿಕೆಯಷ್ಟು, ಅವುಗಳಲ್ಲಿಯೂ ಹಲವು ತುಣುಕುಗಳು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ (1913) ಕೂಡ ಪೂರ್ಣವಾಗಿಲ್ಲ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾಗಿ, ಮರುವರ್ಷ ಪಿ. ಕೆ. ನಾಯರ್ ಅವರು ಅಲ್ಲಿಗೆ ಬಂದ ಮೇಲೆ, ಊರೂರು ಅಲೆದು ಉಳಿದುದನ್ನು ಕೂಡಿಹಾಕುವ ಕೆಲಸವು ನಡೆಯಿತು. ಅಷ್ಟಾದರೂ 2003ರ ಜನವರಿಯಲ್ಲಿ ಪುಣೆಯಲ್ಲಿ ಸಂಭವಿಸಿದ ಬೆಂಕಿಯಲ್ಲಿ ನೂರಾರು ಚಿತ್ರಗಳ ನೈಟ್ರೇಟ್ ಪ್ರತಿಗಳು ಬೂದಿಯಾದುವು. ಲಂಡನ್ನಿನ ಲ್ಯಾಬೊರೇಟರಿಯಲ್ಲಿ 1993ರಲ್ಲಿ ಬಿದ್ದ ಬೆಂಕಿಗೆ ಸಿಕ್ಕಿದ ‘ಪಥೇರ್ ಪಾಂಚಾಲಿ’ಯ ನೆಗೆಟಿವ್ ಮಾತ್ರ ಅದೃಷ್ಟಶಾಲಿ, ಬೆಂದ ಫಿಲ್ಮನ್ನು ಅಂಗುಲ ಅಂಗುಲವಾಗಿ ಸರಿಪಡಿಸಿ 2015ರಲ್ಲಿ ಮತ್ತೆ ಪ್ರದರ್ಶಿಸಲಾಯಿತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಕೂಡ ಇಂಥ ಪುನರುದ್ಧಾರವನ್ನು ಪಡೆದು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ‘ಅಜಾಂತ್ರಿಕ್’ ಮತ್ತು ರೆನ್ವಾರ ನಂತರ, ಅರುವತ್ತೈದು ವರ್ಷಗಳಾದ ಮೇಲೆ, ಅದೇ ಊರು!

ಕನ್ನಡದ ಮೊದಲ ವಾಕ್ಚಿತ್ರ ‘ಸತೀ ಸುಲೋಚನಾ’ಕ್ಕೆ ಆ ಭಾಗ್ಯವಿಲ್ಲ. ವೈ. ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯನಾಯ್ಡು, ತ್ರಿಪುರಾಂಬ, ನಾಗೇಂದ್ರರಾವ್ ಅಭಿನಯಿಸಿದ ಆ ಚಿತ್ರವು ತಯಾರಾದದ್ದು ಕನ್ನಡನಾಡಿನಲ್ಲಿಯೂ ಅಲ್ಲ, ಕೊಲ್ಹಾಪುರದ ಸ್ಟುಡಿಯೋದಲ್ಲಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಅದು ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಇಲ್ಲ. ಓಸ್ಲೊದ ಆಸ್ಪತ್ರೆಯ ಕಪಾಟು ಐವತ್ತು ವರ್ಷ ತೆರೆಯದೆ ಇತ್ತು. ಕೊಲ್ಹಾಪುರದಲ್ಲೋ, ಮುಂಬಯಿಯ ಹಳೆಯ ವಿತರಕರ ಉಗ್ರಾಣಗಳಲ್ಲೋ, ಹೆಸರಿಲ್ಲದ ಡಬ್ಬಿಗಳು ಇನ್ನೂ ಇದ್ದರೆ ಅವುಗಳನ್ನು ತೆರೆದು ನೋಡತಕ್ಕವರು ಆ ಊರುಗಳಲ್ಲಿ ನೆಲೆಸಿರುವ ಕನ್ನಡಿಗರೇ.